ಲೋಂಡಾ ಸ್ಟೇಷನ್ ದಾಟದ ಹವಾಲ್ದಾರರು

ಅವರು ತೀರಿಕೊಂಡ ಸುದ್ದಿ ಎರಡನೆಯ ಸಲ ಬಂದಾಗ ಅದು ನಿಜವಾಗಿತ್ತು. ಈ ವರ್ಷ ಸಂಕ್ರಾಂತಿ ಕಳೆದ ಮೂರನೆಯ ದಿನ ಅವರ ಮಗಳು ಫೋನ್ ಮಾಡಿ ಹೇಳಿದಳು. ನಾನು ಅನಗೋಳದಿಂದ ಹೊರಟು ಹಲಸಿಯ ಬಾಜುವಿನ ಅವರ ಹಳ್ಳಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು, "ಈ ಸಲ ನಾನ ಮುಟ್ಟಿ ನೋಡೇನಿ, ಬಾಯಾರ. ಖರೇನ ಹೋಗ್ಯಾರ" ಎಂದು ಸಮಾಧಾನ ಹೇಳುವ ಧಾಟಿಯಲ್ಲಿ ಹೇಳಿದರು. ನನಗೆ ಅಳುವಿನ ನಡುವೆಯೇ ನಗು ಬಂತು. ಅದಕ್ಕೆ ನಾಚಿಕೆಯೇನೂ ಆಗಲಿಲ್ಲ. ಅವರಿದ್ದಿದ್ದರೆ ಅವರೂ ಮೀಸೆಯ ಅಡಿಯಲ್ಲಿ ನಗುತ್ತಿದ್ದರು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಮುಚ್ಚಿಡುವಂಥದ್ದೇನೂ ಅದರಲ್ಲಿ ಇಲ್ಲ. ಆದರೆ ಆ ಹೆಸರು ಅವರೊಬ್ಬರದೇ ಆಗಿರಲಿಲ್ಲ, ಎಲ್ಲ ಫಜೀತಿಗೂ ಮೂಲ ಅದೇ. ನಾವು ಕೆಲಸ ಮಾಡುತ್ತಿದ್ದ ಇಡೀ ಸಾಲಿಯೇ ಅವರನ್ನು ಹವಾಲ್ದಾರರು ಎನ್ನುತ್ತಿತ್ತು, ನಾನೂ ಹಾಗೆಯೇ ಅನ್ನುತ್ತೇನೆ.

ಖಾನಾಪುರದ ಪ್ರೌಢಶಾಲೆಯಲ್ಲಿ ನಾನು ಇತಿಹಾಸ ಕಲಿಸುತ್ತಿದ್ದೆ, ಅವರು ಸಿಪಾಯಿಯಾಗಿದ್ದರು. ನಮ್ಮ ಕಡೆ ಸಾಲಿಯ ಶಿಕ್ಷಕಿಗೆ ಬಾಯಾರು, ಜವಾನರಿಗೆ ಸಿಪಾಯಿ ಎಂದೇ ಅನ್ನುವುದು. ದಂಡಿನಲ್ಲಿ ಹದಿನೇಳು ವರ್ಷ ದುಡಿದು, ಹವಾಲ್ದಾರರಾಗಿ ನಿವೃತ್ತರಾಗಿ, ಮಾಜಿ ಸೈನಿಕರ ಲೆಕ್ಕದಲ್ಲಿ ನಮ್ಮಲ್ಲಿಗೆ ಬಂದಿದ್ದರು. "ಎಲ್ಲಾರೂ ಮ್ಯಾಲೆ ಏರತಾರ, ನಾನೊಬ್ಬನ ಇಳದು ಮತ್ತ ಸಿಪಾಯಿ ಆದೆ" ಎಂದು ಅವರೇ ತಮಾಷೆ ಮಾಡುತ್ತಿದ್ದರು. ಮಕ್ಕಳ ಓದಿಗೆಂದು ಅವರೂ ಅನಗೋಳದಲ್ಲಿ ಮನೆ ಮಾಡಿದ್ದರು. ಹಾಗಾಗಿ ಹದಿನೆಂಟು ವರ್ಷ ಇಬ್ಬರೂ ಒಂದೇ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬಂದು ಮಾಡಿದೆವು. ಅಷ್ಟು ವರ್ಷ ನನ್ನ ಗಂಡನ ಜೊತೆಗೂ ನಾನು ದಿನಕ್ಕೆ ಎರಡು ತಾಸು ಎದುರುಬದುರು ಕೂತವಳಲ್ಲ.

ಗಂಟೆಯ ವಿಷಯದಲ್ಲಿ ಅವರದು ಉಡದ ಹಿಡಿತ. ಒಮ್ಮೆ ಮುಖ್ಯಾಧ್ಯಾಪಕರು ಮಗಳ ಮದುವೆ ಗೊತ್ತುಮಾಡುವ ಸಾಕ್ಷಿಶಾಸ್ತ್ರಕ್ಕೆ ಹೋಗುವ ಅವಸರದಲ್ಲಿ ಹತ್ತು ನಿಮಿಷ ಮೊದಲೇ ಗಂಟೆ ಹೊಡೆಯಲು ಹೇಳಿದರು. ಹವಾಲ್ದಾರರು ಕೋಲನ್ನು ಅವರ ಕೈಗೇ ಕೊಟ್ಟು, "ನೀವ ಹೊಡೀರಿ ಸರ, ಸುಳ್ಳ ಹೇಳಾಕ ನನಗ ರೂಢಿ ಇಲ್ಲ" ಎಂದುಬಿಟ್ಟರು. ಮುಖ್ಯಾಧ್ಯಾಪಕರು ಹೊಡೆಯಲಿಲ್ಲ. ಸಾಕ್ಷಿಶಾಸ್ತ್ರ ಅವರನ್ನು ಬಿಟ್ಟು ನಡೆಯಿತೋ ಏನೋ, ವಾರದವರೆಗೆ ಅವರ ಮುಖ ಊದಿಕೊಂಡಿತ್ತು. ನಾನು ಸ್ಟೇಷನ್ನಿನಿಂದ ಸಾಲಿಗೆ ನಿಧಾನವಾಗಿ ನಡೆದರೂ ಅವರಿಗೆ ಆಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತು, ಏನೂ ಅನ್ನದೆ, ಗಡಿಯಾರ ನೋಡುತ್ತಿದ್ದರು. ಅನ್ನುವುದಕ್ಕಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

ಇನ್ನೊಂದು ರೂಢಿ ಇತ್ತು. ಹೊಸದಾಗಿ ಅಗೆದು ಮುಚ್ಚಿದ ಮಣ್ಣಿನ ಮೇಲೆ ಅವರು ಕಾಲಿಡುತ್ತಿರಲಿಲ್ಲ. ಅನಗೋಳದಲ್ಲಿ ನೀರಿನ ಪೈಪಿಗೆಂದು ರಸ್ತೆ ಅಗೆದಾಗಲೆಲ್ಲ ಮೂರು ಓಣಿ ಸುತ್ತಿ ಸ್ಟೇಷನ್ನಿಗೆ ಬರುತ್ತಿದ್ದರು. ಅಂಥ ದಿನ ಮಾತ್ರ ಅವರು ತಡ. ನಾನು ನನ್ನ ಗಡಿಯಾರ ನೋಡಿ ಸೇಡು ತೀರಿಸಿಕೊಳ್ಳುತ್ತಿದ್ದೆ. ಅದು ಲಂಕೆಯಲ್ಲಿ ಹತ್ತಿದ ಅಂಜಿಕೆ ಎಂದು ತಿಳಿದ ಮೇಲೆ ಸೇಡು ಬಿಟ್ಟೆ, ನಾನೂ ಅವರ ಜೊತೆ ಸುತ್ತಿ ಬರತೊಡಗಿದೆ.

ಹೌದು, ಅವರು ಶ್ರೀಲಂಕೆಗೆ ಹೋಗಿದ್ದವರು. ನಮ್ಮ ದೇಶದ ದಂಡು ಅಲ್ಲಿಗೆ ಶಾಂತಿ ಕಾಯಲು ಹೋಗಿ ಯುದ್ಧದಲ್ಲಿ ಸಿಕ್ಕಿಕೊಂಡ ಕಾಲದಲ್ಲಿ, ಇಪ್ಪತ್ತೈದರ ಹರೆಯದಲ್ಲಿ. ನಾನು ಇತಿಹಾಸದವಳು, ಬಿಡುತ್ತೇನೆಯೇ? ರೈಲು ದೇಸೂರು ದಾಟುವ ಮೊದಲೇ ಶುರು ಮಾಡುತ್ತಿದ್ದೆ. ಅವರೂ ಹೇಳುತ್ತಿದ್ದರು, ಆದರೆ ಬರೀ ತಮಾಷೆಯದು. ಗೋವಾ ಕಾಲಬುಡದಲ್ಲಿದ್ದರೂ ಆವರೆಗೆ ಅವರು ಸಮುದ್ರವನ್ನೇ ನೋಡಿರಲಿಲ್ಲವಂತೆ. ಹಡಗು ಹತ್ತಿದ ಅರ್ಧ ತಾಸಿಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ವೈರಿಯನ್ನು ಕಾಣುವ ಮೊದಲೇ ಅರ್ಧ ಪಲ್ಟನ್ ನೆಲಕ್ಕೆ ಬಿದ್ದಿತ್ತು ಎನ್ನುತ್ತಿದ್ದರು. ಅಲ್ಲಿಯ ಕೆಂಪು ಮಣ್ಣು, ಸಾಲು ಸಾಲು ತಾಳೆಮರ, ಕೆತ್ತಿ ಕುಡಿದ ಎಳನೀರು. ಒಮ್ಮೆ ಒಬ್ಬ ಮುದುಕಿಯ ಹತ್ತಿರ ಹಾಲು ಕೇಳಬೇಕಾಗಿತ್ತು, ತಮಿಳು ಬಾರದು. ಸಾಲಿಯಲ್ಲಿ ಬಡಿಸಿಕೊಂಡು ಕಲಿತ ಹಳಗನ್ನಡ ನೆನಪಾಗಿ "ಪಾಲು" ಎಂದರಂತೆ, ಆಕೆ ಒಳಗೆ ಹೋಗಿ ತಂದುಕೊಟ್ಟಳಂತೆ. "ನಮ್ಮ ಕನ್ನಡ ಮಾಸ್ತರರಿಗೆ ಅಲ್ಲಿಂದನ ಕೈ ಮುಗದೆ, ಬಾಯಾರ" ಎಂದು ಆ ಕತೆ ಮುಗಿಸುತ್ತಿದ್ದರು.

ಆದರೆ ಯಾವ ಕತೆಯಲ್ಲಾದರೂ 'ಚಾಲೀಸ್' ಎಂಬ ಮಾತು ಬಂದರೆ ಅಲ್ಲಿಗೆ ನಿಲ್ಲಿಸಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಸಾಲಿಯಲ್ಲಾದರೆ ಇಲ್ಲದ ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತಿದ್ದರು. ಉಳಿದದ್ದನ್ನು ನಾನು ವರ್ಷಗಟ್ಟಲೆ, ತುಣುಕು ತುಣುಕಾಗಿ, ಅರ್ಧ ಅವರಿಂದ, ಅರ್ಧ ಅವರ ಹೆಂಡತಿಯಿಂದ ಕೇಳಿ ಜೋಡಿಸಿಕೊಂಡೆ.

ದಂಡಿನಲ್ಲಿ ಒಂದೇ ಹೆಸರಿನವರು ಬಹಳ ಮಂದಿ ಇರುತ್ತಾರೆ. ಅದಕ್ಕೆ ಅಲ್ಲಿ ಹೆಸರು ಬಿಟ್ಟು, ಅವರವರ ನಂಬರಿನ ಕಡೆಯ ಎರಡು ಅಂಕಿಯಿಂದ ಕರೆಯುವ ರೂಢಿ. ಹವಾಲ್ದಾರರದು ಹದಿನೇಳರಲ್ಲಿ ಮುಗಿಯುವ ನಂಬರು, ಅವರು 'ಸತ್ರಾ'. ಅದೇ ತುಕಡಿಯಲ್ಲಿ ಅದೇ ಹೆಸರಿನ, ಅದೇ ಅಡ್ಡಹೆಸರಿನ ಇನ್ನೊಬ್ಬ ಇದ್ದ. ಅವನೂ ಖಾನಾಪುರ ತಾಲೂಕಿನವನೇ, ಲೋಂಡಾ ಕಡೆಯ ಕಾಡಿನ ಹಳ್ಳಿಯವನು. ಅವನ ನಂಬರು ನಲವತ್ತರಲ್ಲಿ ಮುಗಿಯುತ್ತಿತ್ತು, ಅವನು 'ಚಾಲೀಸ್'. ಇಬ್ಬರಿಗೂ ಹೊಸದಾಗಿ ಮದುವೆಯಾಗಿತ್ತು. ಮೂರು ವರ್ಷ ಒಂದೇ ತಾಟಿನಲ್ಲಿ ಉಂಡವರು.

ಲಂಕೆಯಲ್ಲಿ ಒಂದು ಮುಂಜಾನೆ ರಸ್ತೆಯಡಿ ಹುಗಿದಿಟ್ಟ ಬಾಂಬಿಗೆ ಚಾಲೀಸ್ ಬಲಿಯಾದ. ಸರಕಾರದ ತಂತಿ ಹೋಗುತ್ತದೆ ಎಂಬುದು ಹವಾಲ್ದಾರರಿಗೆ ಗೊತ್ತಿತ್ತು. ಆದರೆ ಎರಡು ಸಾಲಿನ ತಂತಿಯನ್ನು ಯಾರೋ ಓದಿ ಹೇಳಿ ಚಾಲೀಸನ ಹೆಂಡತಿಗೆ, ಆ ಹುಡುಗಿಗೆ, ತಿಳಿಯಬಾರದು, ಒಬ್ಬ ಮನುಷ್ಯ ಹೋಗಿ ಮೆಲ್ಲಗೆ ಹೇಳಬೇಕು ಎಂದು ಅವರ ಮನಸ್ಸಿಗೆ ಬಂತು. ಅದೇ ದಿನ ನಿಪ್ಪಾಣಿ ಕಡೆಯ ಗೆಳೆಯನೊಬ್ಬ ರಜೆಯ ಮೇಲೆ ಹೊರಟಿದ್ದ. ಖಾನಾಪುರದಲ್ಲಿಳಿದು ಚಾಲೀಸನ ಮನೆಗೆ ಸುದ್ದಿ ಮುಟ್ಟಿಸು ಎಂದು ಅವನಿಗೆ ಹೇಳಿದರು. ಊರ ಹೆಸರು ಹೇಳಲಿಲ್ಲ. ಅಷ್ಟು ದಿನ ಜೊತೆಗಿದ್ದವನಿಗೆ ಊರು ಗೊತ್ತಿರುತ್ತದೆ ಎಂದುಕೊಂಡಿದ್ದರಂತೆ.

ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಚಾಲೀಸ್ ಎಂದರೆ ಯಾರಿಗೆ ತಿಳಿಯಬೇಕು? ಗೆಳೆಯ ಪೂರ್ತಿ ಹೆಸರು, ಅಡ್ಡಹೆಸರು ಹೇಳಿದ. ಆ ಹೆಸರಿಗೆ ಜನ ಬೆರಳು ತೋರಿಸಿದ್ದು ಹಲಸಿಯ ಕಡೆಗೆ, ಯಾಕೆಂದರೆ ಹವಾಲ್ದಾರರ ಅಪ್ಪ ಆ ಸೀಮೆಯಲ್ಲೆಲ್ಲ ಹೆಸರಾದ ಪೈಲ್ವಾನರು. ಗೆಳೆಯ ಅಲ್ಲಿಗೆ ಹೋದ. ನಮ್ಮ ಕಡೆ ಸಾವಿನ ಸುದ್ದಿ ತಂದವರು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ, ನೀರು ಕೂಡ ಕುಡಿಯುವುದಿಲ್ಲ. ಊರ ಬಾಯಲ್ಲೇ ಹಿರಿಯರೊಬ್ಬರಿಗೆ ಹೇಳಿ ತಿರುಗಿ ಬರಬೇಕು. ಅವನು ಹಾಗೆಯೇ ಮಾಡಿದ. ಒಳಗೆ ಹೋಗಿದ್ದರೆ ಗೋಡೆಯ ಮೇಲೆ ಸತ್ರಾನ ಫೋಟೋ ಕಾಣುತ್ತಿತ್ತು. ರಿವಾಜು ತಪ್ಪಬಾರದೆಂದು ಹೋಗಿ ಮನೆಯೇ ತಪ್ಪಿತು.

ಹವಾಲ್ದಾರರ ಹೆಂಡತಿಗೆ ಆಗ ಇಪ್ಪತ್ತೊಂದು, ತೊಡೆಯ ಮೇಲೆ ಐದು ತಿಂಗಳ ಮಗಳು. ಹೆಂಗಸರು ಆಕೆಯ ಬಳೆ ಒಡೆದರು, ಕುಂಕುಮ ಅಳಿಸಿದರು. ಸುದ್ದಿ ಎರಡು ದಿನದಲ್ಲಿ ಲೋಂಡಾ ಕಡೆಗೂ ಹೋಯಿತು, ಹಲಸಿ ಕಡೆಯವನು ಹೋದನಂತೆ ಎಂದು. ಚಾಲೀಸನ ಹೆಂಡತಿಗೆ ತನ್ನ ಗಂಡನ ಕಾಗದದಿಂದ ಈ ಮನೆಯವರೆಲ್ಲ ಗೊತ್ತು, ಕಂಡಿರಲಿಲ್ಲ ಅಷ್ಟೇ. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಅಕ್ಕಿ ರೊಟ್ಟಿಯ ಬುತ್ತಿ ಕಟ್ಟಿಕೊಂಡು, ಅತ್ತೆಯ ಜೊತೆ ಬಂದಳು. ಹಸಿರು ಬಳೆ, ತಲೆತುಂಬ ಅಬ್ಬಲಿಗೆ ಹೂ. ಹೂ ಹೊರಗೆ ತೆಗೆದಿಟ್ಟು ಒಳಗೆ ಬಂದು, ಅನ್ನ ಬಿಟ್ಟು ಮಲಗಿದ್ದವಳನ್ನು ಎಬ್ಬಿಸಿ, ತುತ್ತು ಮಾಡಿ ಬಾಯಿಗಿಟ್ಟಳು. ಕೂಸಿಗೆ ಹಾಲು ಬೇಕಲ್ಲ, ಉಣ್ಣು ಎಂದಳಂತೆ. ಒಂದು ದಿನ ಇದ್ದು ಹೋದಳು.

ಮೊದಲ ಸುದ್ದಿ ಬಂದ ಎಂಟನೆಯ ದಿನಕ್ಕೆ ತಂತಿ ಚಾಲೀಸನ ಮನೆಗೇ ಬಂತು. ತಂತಿಯಲ್ಲಿ ನಂಬರು ಇತ್ತು. ಈ ಹೆಂಗಸರಿಗೆ ಗಂಡನ ನಂಬರು ಗಾಯತ್ರಿ ಇದ್ದಹಾಗೆ, ಪ್ರತಿ ಕಾಗದದ ಮೇಲೆ ಬರೆದು ಬರೆದು ಬಾಯಿಪಾಠ. ಆಕೆ ಅಳುವ ಮೊದಲು ತನ್ನ ತಮ್ಮನನ್ನು ಕರೆದು ಹಲಸಿಗೆ ಓಡಿಸಿದಳು. ನಂಬರು ನಲವತ್ತು ಐತಿ, ನಿಮ್ಮವರು ಅದಾರ, ಕುಂಕುಮ ಹಚ್ಚಿಕೊ ಎಂದು ಹೇಳಿ ಕಳಿಸಿದಳು. ಆ ಮೇಲೆ ಅವಳ ಮನೆಯಲ್ಲಿ ಅಳು ಶುರುವಾಯಿತು. ಇದನ್ನು ಹವಾಲ್ದಾರರ ಹೆಂಡತಿ ನನಗೆ ಹೇಳುವಾಗ ಪ್ರತಿ ಸಲವೂ ಇಲ್ಲಿ ನಿಲ್ಲಿಸಿ ಕೈಮುಗಿಯುತ್ತಿದ್ದರು.

ಹವಾಲ್ದಾರರು ರಜೆಯ ಮೇಲೆ ಬಂದಾಗ ಊರಿನಲ್ಲಿ ಬೇರೆಯೇ ಪಂಚಾಯಿತಿ. ಪಿಂಡ ಇಡಿಸಿಕೊಂಡವನು ಹಾಗೆಯೇ ಮನೆ ಹೊಗುವಂತಿಲ್ಲ, ಅವನು ಮತ್ತೆ ಹುಟ್ಟಬೇಕು ಎಂದು ಹಿರಿಯರು ತೀರ್ಮಾನ ಮಾಡಿದರು. ಆರಡಿ ಆಳನ್ನು ಹಾಲು ನೀರಿನಲ್ಲಿ ಎರೆದು, ಮೊರದಲ್ಲಿ ಕೂಡಿಸಿ, ತೊಟ್ಟಿಲಿಗೆ ಕಾಲು ಮುಟ್ಟಿಸಿ, ಕಿವಿಯಲ್ಲಿ ಕುರ್‍ರ್ ಎಂದು ಹೆಸರಿಟ್ಟರು. ಹೊಸ ಹೆಸರು ಇಡಬೇಕೆಂದರೆ ಇವರು ಒಪ್ಪಲಿಲ್ಲ. ಹೆಂಡತಿಗೆ ಮತ್ತೆ ತಾಳಿ ಕಟ್ಟಬೇಕೆಂದಾಗ ಮಾತ್ರ ತಕರಾರಿಲ್ಲದೆ ಹಲಸಿಯ ಹಳೆಯ ಗುಡಿಯಲ್ಲಿ ಕಟ್ಟಿದರು. ಮೂವತ್ತರ ಒಳಗೆ ಎರಡು ಸಲ ಹುಟ್ಟಿ, ಒಬ್ಬಳನ್ನೇ ಎರಡು ಸಲ ಮದುವೆಯಾದವರು ನಮ್ಮ ತಾಲೂಕಿನಲ್ಲಿ ಇವರೊಬ್ಬರೇ ಇರಬೇಕು. ಇದನ್ನು ಸ್ಟಾಫ್ ರೂಮಿನಲ್ಲಿ ಅವರು ಹೇಳಿದರೆ ಚಹಾ ಕಪ್ಪು ಕೆಳಗಿಟ್ಟು ನಗಬೇಕು. ನಾವು ನಗುತ್ತಿದ್ದೆವು. ಅವರು ಮಾತ್ರ ಎಂದೂ ಗಟ್ಟಿಯಾಗಿ ನಗುತ್ತಿರಲಿಲ್ಲ, ಮೀಸೆ ಅಲುಗಿದರೆ ಅದೇ ದೊಡ್ಡದು.

ಇಂಥ ಧೈರ್ಯದ ಮನುಷ್ಯ, ಮುಖ್ಯಾಧ್ಯಾಪಕರ ಕೈಗೆ ಕೋಲು ಕೊಟ್ಟವರು, ಒಂದು ಕಡೆ ಮಾತ್ರ ಪುಕ್ಕಲು. ಅವರ ಹೆಂಡತಿ ಪ್ರತಿ ವರ್ಷ ನಾಗರ ಪಂಚಮಿಗೆ ಉಂಡಿ ಕಟ್ಟಿಕೊಂಡು ಚಾಲೀಸನ ಹೆಂಡತಿಯನ್ನು ನೋಡಲು ಹೋಗುತ್ತಿದ್ದರು, ತವರಿಗೆ ಹೋದಂತೆ. ಹವಾಲ್ದಾರರು ಲೋಂಡಾ ಸ್ಟೇಷನ್ನಿನವರೆಗೆ ಬಂದು, ಹೆಂಡತಿಯನ್ನು ಟೆಂಪೋ ಹತ್ತಿಸಿ, ತಾವು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂಡುತ್ತಿದ್ದರು. ಸಂಜೆ ಹೆಂಡತಿ ಬರುವವರೆಗೂ ಅಲ್ಲೇ. ಗೋವಾ ಕಡೆಯ ಗಾಡಿ, ಹುಬ್ಬಳ್ಳಿ ಕಡೆಯ ಗಾಡಿ ಎಣಿಸುತ್ತ, ಚಹಾ ಕುಡಿಯುತ್ತ. ಆ ಗೆಳೆಯನನ್ನು ಕಳಿಸಿದವರು ತಾವೇ ಎಂದು ಆಕೆಗೆ ಇವರು ಹೇಳಿರಲಿಲ್ಲ, ಹೇಳಬೇಡ ಎಂದು ಹೆಂಡತಿಯಿಂದಲೂ ಆಣೆ ಮಾಡಿಸಿಕೊಂಡಿದ್ದರು. ಗಂಡ ಸತ್ತ ದಿನಗಳಲ್ಲಿ ಹೂ ಮುಡಿದು ಪರರ ಮನೆಗೆ ಸಂತೈಸಲು ಹೋಗುವಂತೆ ಮಾಡಿದವನು ನಾನು, ಆಕೆಗೆ ಯಾವ ಮುಖ ತೋರಿಸಲಿ ಎಂಬುದೊಂದೇ ಅವರ ಮಾತು. ಸಮುದ್ರ ದಾಟಿದವರಿಗೆ ಲೋಂಡಾ ಸ್ಟೇಷನ್ ದಾಟುವುದಾಗಲಿಲ್ಲವಲ್ಲ ಎಂದು ನಾನು ಒಮ್ಮೆ ಹಂಗಿಸಿದೆ. ಎರಡು ದಿನ ಅವರು ರೈಲಿನ ಬೇರೆ ಡಬ್ಬಿಯಲ್ಲಿ ಕೂತರು.

ನಿವೃತ್ತಿಯ ಸಮಾರಂಭವನ್ನು ನಾನೇ ಮುಂದೆ ನಿಂತು ಮಾಡಿಸಿದೆ. ಶಾಲು, ಹಾರ, ಫಲತಾಂಬೂಲ. ಮೈಕು ಕೊಟ್ಟು, ಇವತ್ತಾದರೂ ಮಕ್ಕಳಿಗೆ ಯುದ್ಧದ ನಿಜವಾದ ಕತೆ ಒಂದು ಹೇಳಿರಿ ಎಂದೆ. ಅವರು ಎರಡು ಸಲ ಗಂಟಲು ಸರಿಮಾಡಿಕೊಂಡರು. "ಮೊದಲ ಕೇಳಬೇಕಾದವರು ಇನ್ನೂ ಕೇಳಿಲ್ಲ, ಬಾಯಾರ. ಅವರನ್ನ ಬಿಟ್ಟು ನಿಮಗ ಹೇಳಿದ್ರ ತಪ್ಪ ಆಗತೈತಿ" ಎಂದು ಮೈಕು ತಿರುಗಿ ಕೊಟ್ಟು ಕೂತುಬಿಟ್ಟರು. ಸಭೆಯ ಮುಂದೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಮುಂದಿನ ರವಿವಾರ ಮುಂಜಾನೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಜೊತೆ ನನ್ನ ಬಾಗಿಲಿಗೆ ಬಂದರು. ಲೋಂಡಾಕ್ಕೆ ಹೋಗೋಣ, ನೀವೂ ಬರಬೇಕು ಎಂದರು. ನಾನ್ಯಾಕೆ ಎಂದರೆ, "ಈಕಿ ಆದ್ರ ನಾನು ಸ್ಟೇಷನ್ದಾಗ ಕುಂತರ ಹೋಗಲಿ ಬಿಡ್ರಿ ಅಂತಾಳ. ನೀವು ಬಿಡಾವ್ರಲ್ಲ" ಎಂದರು. ಇದು ಹೊಗಳಿಕೆಯೋ ಬೈಗುಳವೋ ಎಂದು ವಿಚಾರ ಮಾಡುತ್ತ ನಾನು ಸೀರೆ ಬದಲಿಸಿ ಬಂದೆ. ಲೋಂಡಾದಲ್ಲಿಳಿದಾಗ ಅವರು ಬೆಂಚಿನ ಕಡೆ ನೋಡಿದ್ದು ನಿಜ. ನಾನು ಅವರ ಕೈಯಿಂದ ಚೀಲ ಕಸಿದುಕೊಂಡು ಮುಂದೆ ನಡೆದೆ.

ಚಾಲೀಸನ ಹೆಂಡತಿ ಜಗುಲಿಯ ಮೇಲೆ ಹೊಲಿಗೆ ಮಷೀನಿನ ಮುಂದೆ ಕೂತು ಯಾವುದೋ ಅಂಗನವಾಡಿಯ ಮಕ್ಕಳ ಅಂಗಿ ಹೊಲಿಯುತ್ತಿದ್ದರು. ಸಣ್ಣ ಜೀವ, ಅರವತ್ತರ ಹತ್ತಿರ, ನೆರೆತ ಕೂದಲು, ಮೂಗಿನ ತುದಿಗೆ ಚಸ್ಮಾ. ಮಕ್ಕಳಿಲ್ಲ. ಹೊಲಿದೇ ಮೈದುನನ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ನಮ್ಮನ್ನು ಕಂಡು ಎದ್ದು, ಬರ್ರಿ ಕುಂದರ್ರಿ ಎಂದು ಚಾಪೆ ಹಾಸಿದರು. ಹವಾಲ್ದಾರರನ್ನು ಫೋಟೋದಲ್ಲಿ ನೋಡಿದ್ದರು, ಗುರುತು ಹಿಡಿದರು. ಕೋಕಂ ಶರಬತ್ತು ತಂದು ಕೊಟ್ಟರು. ಹವಾಲ್ದಾರರು ಗ್ಲಾಸು ಮುಟ್ಟಲಿಲ್ಲ, ಕೂಡಲೂ ಇಲ್ಲ. ಪರೇಡಿನಲ್ಲಿ ನಿಂತಂತೆ ನಿಂತು, ಅತ್ತಿಗೆಯನ್ನು ಕರೆದಂತೆ ಕರೆದು, ಒಂದೇ ಉಸಿರಿನಲ್ಲಿ ಹೇಳಿದರು.

"ವೈನಿ, ಆವತ್ತ ಆ ಮನಷ್ಯಾನ್ನ ಕಳಿಸಿದಾವ ನಾನು. ನಿಮ್ಮ ಮನಿಗೆ ಕಳಿಸಿದ್ದೆ. ಊರ ಹೆಸರ ಹೇಳಲಿಲ್ಲ. ಆ ತಪ್ಪ ನಂದು."

ಆಕೆ ಚಸ್ಮಾ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು. ಈ ಮನುಷ್ಯನನ್ನು ಎಳೆತಂದು ತಪ್ಪು ಮಾಡಿದೆನೋ ಎನಿಸಿತು.

"ಆ ಎಂಟ ದಿನ ನಾನು ಮುತ್ತೈದಿ ಇದ್ದೆ, ಅಣ್ಣಾರ" ಎಂದರು ಆಕೆ. "ಅವರು ಅದಾರ ಅಂತ ದಿನಾ ಹೂ ಮುಡದೆ, ದೀಪಾ ಹಚ್ಚಿದೆ. ಆ ಮನಷ್ಯಾ ದಾರಿ ತಪ್ಪಲಿಲ್ಲಂದ್ರ ಆ ಎಂಟ ದಿನಾನೂ ನನಗ ಸಿಗತಿರಲಿಲ್ಲ. ಅದಕ್ಕ ನಾ ಯಾಕ ಸಿಟ್ಟ ಆಗಲಿ?"

ಹವಾಲ್ದಾರರು ಏನೋ ಹೇಳಲು ಹೋದರು. ಆಕೆ ಕೈ ಎತ್ತಿ ತಡೆದರು.

"ಸಿಟ್ಟ ಐತಿ, ಇಲ್ಲಂತಲ್ಲ. ಅದು ಬ್ಯಾರೇದಕ್ಕ. ಮದುವ್ಯಾದ ಮ್ಯಾಲೆ ಅವರು ಮನ್ಯಾಗ ಇದ್ದದ್ದು ಎಲ್ಲಾ ಕೂಡಿ ಎರಡ ತಿಂಗಳ. ನೀವು ಮೂರ ವರ್ಷ ಅವರ ಬಾಜೂಕ ಇದ್ರಿ. ಅವರ ಮಾತ ಹೇಳಾವ್ರು ನೀವೊಬ್ರ ಉಳಿದ್ರಿ. ವರ್ಷಾ ಸ್ಟೇಷನ್‌ಕ ಬಂದು ಕುಂದರತೀರಿ ಅಂತ ಗೊತ್ತಿತ್ತು ನನಗ. ನಾನು ಬಾಗಲಾ ತಗದು ಕಾಯತಿದ್ದೆ."

ಹವಾಲ್ದಾರರು ಚಾಪೆ ಬಿಟ್ಟು ನೆಲದ ಮೇಲೆಯೇ ಕೂತರು. ಆ ಮುಂಜಾನೆ ಏನಾಯಿತೆಂದರೆ ಎಂದು ಶುರು ಮಾಡಿದರು. "ಅದು ಬ್ಯಾಡ" ಎಂದರು ಆಕೆ, "ಅದು ತಂತ್ಯಾಗ ಬಂದೈತಿ. ಉಳಿದ ದಿನದ್ದು ಹೇಳ್ರಿ."

ಅವರು ಹೇಳಿದರು. ಹದಿನೆಂಟು ವರ್ಷ ನಾನು ಕೆದಕಿ ಕೆದಕಿ ಕೇಳಿದರೂ ಬಾರದ್ದೆಲ್ಲ ಬಂತು. ಚಾಲೀಸನಿಗೆ ಬೆಲ್ಲವಿಲ್ಲದೆ ಊಟ ಇಳಿಯುತ್ತಿರಲಿಲ್ಲವಂತೆ, ಮನೆಯಿಂದ ಬಂದ ಬೆಲ್ಲದ ಹೆಂಟೆಯನ್ನು ಕಾಲುಚೀಲದಲ್ಲಿ ಕಟ್ಟಿ ಇಡುತ್ತಿದ್ದನಂತೆ. ನಿದ್ದೆಯಲ್ಲಿ ಎತ್ತುಗಳನ್ನು ಹೆಸರು ಹಿಡಿದು ಗದರಿಸುತ್ತಿದ್ದನಂತೆ. ಇಬ್ಬರ ಹೆಸರೂ ಒಂದೇ ಆದ್ದರಿಂದ ಟಪಾಲು ಹಂಚುವಾಗ ಒಬ್ಬರ ಕಾಗದ ಒಬ್ಬರ ಕೈಗೆ ಹೋಗುತ್ತಿತ್ತಂತೆ. ಅದಕ್ಕೆ ಇಬ್ಬರೂ ಒಂದು ಕರಾರು ಮಾಡಿಕೊಂಡಿದ್ದರು, 'ಇತ್ತ ಎಲ್ಲರೂ ಕ್ಷೇಮ' ಎಂಬ ಸಾಲಿಗೆ ಓದು ನಿಲ್ಲಿಸಬೇಕು. ಒಮ್ಮೆ ಮಾತ್ರ ಆಕೆಯ ಕಾಗದವೊಂದನ್ನು ತಾವು ಕಡೆಯವರೆಗೆ ಓದಿಬಿಟ್ಟದ್ದನ್ನು ಹವಾಲ್ದಾರರು ತಲೆ ತಗ್ಗಿಸಿ ಒಪ್ಪಿಕೊಂಡರು. ಯಾವ ಕಾಗದ ಎಂದು ಆಕೆ ಕೇಳಿದರು. ಹೊಸ ಕುಬಸ ಹೊಲಿಸಿಕೊಂಡ ಸುದ್ದಿಯದ್ದು ಎಂದರು ಇವರು. ಆಕೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಅರವತ್ತರ ಆ ಮುಖ ಕೆಂಪಾಗುವವರೆಗೆ ನಕ್ಕರು. ಹವಾಲ್ದಾರರ ಹೆಂಡತಿ, ನನಗೂ ಹೇಳಿರಲಿಲ್ಲವಲ್ಲ ಎಂದು ಗಂಡನ ಬೆನ್ನಿಗೆ ಒಂದು ಕೊಟ್ಟರು.

ಊಟ ಆಯಿತು, ಮತ್ತೆ ಮಾತು. ಬಿಸಿಲು ಅಂಗಳದಿಂದ ಸರಿದು ಹಿತ್ತಲಿಗೆ ಹೋಗಿತ್ತು. ನಾವು ಏಳುವ ಹೊತ್ತಿಗೆ ಆಕೆ ಇನ್ನೊಂದು ಕೇಳಿದರು. ಕೇಳಲೋ ಬೇಡವೋ ಎಂದು ಮಷೀನಿನ ಗಾಲಿ ತಿರುಗಿಸುತ್ತ ಕೇಳಿದರು.

"ಅವರು ನಗೂದು ಹೆಂಗಿತ್ತು? ಮುಖಾ ನೆನಪೈತಿ, ದನೀನೂ ಅಷ್ಟಿಷ್ಟ ಐತಿ. ಮನ್ಯಾಗ ಹಿರೇರ ಮುಂದ ಗಟ್ಟ್ಯಾಗಿ ನಕ್ಕಾವ್ರಲ್ಲ ಅವರು. ನಾನು ಕೇಳೇ ಇಲ್ಲ."

ಹವಾಲ್ದಾರರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು. ಮೊದಲು ಮೂಗಿನಲ್ಲಿ ಸಣ್ಣದಾಗಿ ಗೊರಕೆಯಂಥ ಸದ್ದು, ನಡುವೆ ತುಸು ತಡೆದು ಇನ್ನೊಂದು, ಮತ್ತೊಂದು. ಅಲ್ಲಿಂದ ಕಟ್ಟೆ ಒಡೆದು, ತೊಡೆ ತಟ್ಟಿಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಜಂತಿ ನಡುಗುವಂತೆ ನಕ್ಕರು. ಅದು ಅವರ ನಗುವಲ್ಲ. ಅಂಥ ನಗು ಅವರ ಗಂಟಲಲ್ಲಿ ಇದೆ ಎಂದು ಅವರ ಹೆಂಡತಿಗೂ ಗೊತ್ತಿರಲಿಲ್ಲ. ಮೂವತ್ತೈದು ವರ್ಷದ ಹಿಂದೆ ಸತ್ತ ಮನುಷ್ಯ ಆ ಜಗುಲಿಯ ಮೇಲೆ ಮನಸಾರೆ ನಗುತ್ತಿದ್ದ.

ಆಕೆ ಮಷೀನು ಬಿಟ್ಟು ಎದ್ದು ನಿಂತರು. ಹೆಗಲ ಮೇಲಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಮದುವಣಗಿತ್ತಿ ಅವನ ಎದುರು ನಿಲ್ಲುವಂತೆ, ನೆಲ ನೋಡುತ್ತ ಗೋಡೆಗೆ ಸರಿದು ನಿಂತರು.